ಅಡಿಗೆಮನೆಯ ಮಂತ್ರವಿದ್ಯೆ

ಮಂತ್ರವಿದ್ಯೆ ಎಂದೊಡನೆ ನಮ್ಮ ಮನಸ್ಸು ಅಮಾವಾಸ್ಯೆ, ಸ್ಮಶಾನ, ಬೊಂಬೆ, ನಿಂಬೆಹಣ್ಣು ಇವುಗಳ ಕಡೆಗೆ ಓಡುತ್ತದೆ. ಅದರಲ್ಲಿಯೂ ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಇತರರಿಗಿಂತ ಒಂದಿಷ್ಟು ಹೆಚ್ಚಿನ ಹೆಸರೇ ಬಂದಿದೆ. ಕೊಳ್ಳೇಗಾಲವೆಂದರೆ ಮಾಟಮಂತ್ರದ ಊರೆಂದು ನಾಡಿನ ಉದ್ದಗಲಕ್ಕೂ ಮಾತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಪದವಿಯನ್ನು ಕಳೆದುಕೊಳ್ಳುತ್ತಾನೆಂಬ ನಂಬಿಕೆ ಎಷ್ಟೋ ವರ್ಷಗಳ ಕಾಲ ಅಧಿಕಾರದಲ್ಲಿದ್ದವರನ್ನು ಈ ಊರಿನಿಂದ ದೂರವಿಟ್ಟಿತ್ತು. 2013ರಲ್ಲಿ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ಇಲ್ಲಿಗೆ ಬಂದುದಲ್ಲದೆ, 2018ರವರೆಗೆ ಪೂರ್ಣಾವಧಿ ಆಡಳಿತ ನಡೆಸಿ ಆ ನಂಬಿಕೆಗೆ ಉತ್ತರ ಕೊಟ್ಟರು. ಇರಲಿ. ಈ ಲೇಖನದ ವಿಷಯ ಅಂಥ ದೊಡ್ಡ ಮಂತ್ರವಲ್ಲ. ದಿನಕ್ಕೆ ಎರಡು ಹೊತ್ತು ಮನೆಮನೆಯ ಒಲೆಯ ಮುಂದೆ ನಡೆಯುವ, ಮಾಡುವವರು ಮಂತ್ರವೆಂದು ಹೆಸರಿಟ್ಟು ಕರೆಯದ, ಒಂದು ಸಣ್ಣ ಮಂತ್ರವಿದ್ಯೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪಾಶ್ಚಾತ್ಯ ದೇಶಗಳಲ್ಲಿ ಈಚಿನ ಕೆಲವು ದಶಕಗಳಿಂದ ‘ಅಡಿಗೆಮನೆಯ ಮಾಟಗಾತಿ’ ಎಂದು ತಮ್ಮನ್ನು ತಾವೇ ಕರೆದುಕೊಳ್ಳುವವರು ಹುಟ್ಟಿಕೊಂಡಿದ್ದಾರೆ. ಸೂಪನ್ನು ಯಾವ ದಿಕ್ಕಿಗೆ ತಿರುವಿದರೆ ಶುಭ, ಯಾವ ಸೊಪ್ಪನ್ನು ಹಾಕಿದರೆ ಮನಸ್ಸಿಗೆ ನೆಮ್ಮದಿ ಎಂದು ಅವರು ಆಲೋಚಿಸುತ್ತಾರೆ. ಅವರಿಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆ. ಆದರೆ ಉಮ್ಮತ್ತೂರು ಸೀಮೆಯ ಒಬ್ಬ ಅಜ್ಜಿಗೆ ಇದನ್ನು ಹೇಳಿದರೆ, “ಇದರಲ್ಲೇನು ಬಂತಪ್ಪ ಹೊಸದು?” ಎಂದು ನಕ್ಕಾಳು. ಒಲೆಯನ್ನು ತುಳಿಯಬಾರದು, ಒರಳಿನ ಮೇಲೆ ಕೂರಬಾರದು, ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಮೊಸರನ್ನು ಹೊರಗೆ ಕೊಡಬಾರದು, ಅಕ್ಕಿ ‘ಮುಗಿಯಿತು’ ಎನ್ನದೆ ‘ಹೆಚ್ಚಿತು’ ಎನ್ನಬೇಕು – ಇವೆಲ್ಲ ಅವಳಿಗೆ ಪುಸ್ತಕದಿಂದ ಬಂದ ವಿದ್ಯೆಯಲ್ಲ, ಅತ್ತೆಯಿಂದ ಸೊಸೆಗೆ ಬಂದ ಆಸ್ತಿ.

ಅಡಿಗೆಗೂ ಮಂತ್ರಕ್ಕೂ ಇರುವ ನಂಟು ಕನ್ನಡದಲ್ಲಿ ಬಹು ಹಳೆಯದು. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವನ್ನು ನೋಡಬಹುದು. ಲೋಕದ ಜನರಿಗೆ ದಿನವೂ ಬೇಕಾದುದೆಲ್ಲವನ್ನೂ ಒಂದೆಡೆ ಕೂಡಿಸಿಕೊಡುವುದು ಅವನ ಉದ್ದೇಶ. ಆ ಒಂದೇ ಗ್ರಂಥದಲ್ಲಿ ಜ್ಯೋತಿಷ, ವಾಸ್ತು, ನೀರು ಸಿಕ್ಕುವ ಜಾಗವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕಶಾಸ್ತ್ರ, ವೈದ್ಯ, ವಿಷಚಿಕಿತ್ಸೆ, ಶಕುನ ಎಲ್ಲವೂ ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ಪಾಕವೂ ಶಕುನವೂ ಬೇರೆ ಬೇರೆ ಲೋಕದವೆಂದು ಆ ಕಾಲದ ಓದುಗನಿಗೆ ತೋರಿರಲಾರದು. ಮುಂದೆ ಹದಿನಾರನೆಯ ಶತಮಾನದ ಆದಿಯಲ್ಲಿ, ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು, ರೊಟ್ಟಿ, ಪಾನಕ, ಅನ್ನ, ಶಾಕಗಳ ಪಾಕವನ್ನು ಕಾವ್ಯದ ಪಂಕ್ತಿಯಲ್ಲಿ ಕೂರಿಸಿದನು. ಅದೇ ಕಾಲದಲ್ಲಿ ನಮ್ಮ ಉಮ್ಮತ್ತೂರಿನ ಪಾಳೆಯಗಾರರು ವಿಜಯನಗರಕ್ಕೆ ಎದುರುನಿಂತಿದ್ದರು. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿಯೇ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರವನ್ನು ಹಿಡಿದನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಕೋಟೆಗಳು ಹೋದವು, ಒಲೆಗಳು ಉಳಿದವು.

ಈಗ ನಮ್ಮ ಅಡಿಗೆಮನೆಯ ಮಂತ್ರಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡೋಣ. ಸ್ಥೂಲವಾಗಿ ಇವು ಮೂರು ಬಗೆ: ಕಾಯುವ ಮಂತ್ರ, ಹುಲುಸಿನ ಮಂತ್ರ, ಮತ್ತು ಮನಸ್ಸನ್ನು ತಣಿಸುವ ಮಂತ್ರ.

ಕಾಯುವ ಮಂತ್ರಗಳಲ್ಲಿ ಮುಖ್ಯವಾದುದು ದೃಷ್ಟಿ ತೆಗೆಯುವುದು. ಕೂಸು ಹಟ ಹಿಡಿದು ಅತ್ತರೆ, ಉಣ್ಣದೆ ಮುಖ ತಿರುಗಿಸಿದರೆ, ಕಣ್ಣು ಬಿದ್ದಿದೆ ಎನ್ನುತ್ತಾರೆ. ಅವ್ವ ಅಥವಾ ಅಜ್ಜಿ ಒಣಮೆಣಸಿನಕಾಯಿ, ಕಲ್ಲುಪ್ಪು, ಸಾಸಿವೆಗಳನ್ನು ಮುಷ್ಟಿಯಲ್ಲಿ ಹಿಡಿದು, ಕೂಸಿಗೆ ಸುತ್ತಿ, ನಾಯಿಯ ಕಣ್ಣು, ನರಿಯ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು ಎಂದು ಒಂದೊಂದನ್ನೂ ಹೆಸರಿಸಿ ಒಲೆಯ ಕೆಂಡಕ್ಕೆ ಹಾಕುತ್ತಾಳೆ. ಉಪ್ಪು ಚಟಚಟನೆ ಸಿಡಿದರೆ, ಮೆಣಸಿನಕಾಯಿಯ ಘಾಟು ಬಾರದಿದ್ದರೆ, ದೃಷ್ಟಿ ಬಲವಾಗಿಯೇ ಇತ್ತೆಂದು ತೀರ್ಮಾನ. ಸರ್ ಜೇಮ್ಸ್ ಫ್ರೇಜರ್ 1890ರಲ್ಲಿ ಪ್ರಕಟಿಸಿದ ‘ದಿ ಗೋಲ್ಡನ್ ಬೌ’ ಎಂಬ ಪ್ರಸಿದ್ಧ ಗ್ರಂಥದಲ್ಲಿ ಮಂತ್ರಕ್ಕೆ ಎರಡು ನಿಯಮಗಳನ್ನು ಹೇಳಿದ್ದಾನೆ. ಒಂದು, ಹೋಲಿಕೆಯುಳ್ಳದ್ದು ತನ್ನಂಥದನ್ನೇ ಉಂಟುಮಾಡುತ್ತದೆ. ಇನ್ನೊಂದು, ಒಮ್ಮೆ ಸೋಂಕಿದ್ದು ದೂರವಾದ ಮೇಲೆಯೂ ನಂಟನ್ನು ಬಿಡುವುದಿಲ್ಲ. ದೃಷ್ಟಿ ತೆಗೆಯುವುದರಲ್ಲಿ ಈ ಎರಡನೆಯ ನಿಯಮವೇ ಕೆಲಸಮಾಡುತ್ತದೆ. ಮೈಗೆ ಸುತ್ತಿದ ವಸ್ತು ಮೈಯ ಕೇಡನ್ನು ತೆಗೆದುಕೊಂಡಿತು. ಅದು ಉರಿದರೆ ಕೇಡೂ ಉರಿಯಿತು.

ಇದರ ಭೌತಿಕ ಕಾರಣ ಕಷ್ಟದ್ದಲ್ಲ. ಉಪ್ಪಿನ ಹರಳಿನೊಳಗೆ ಸಿಕ್ಕಿಕೊಂಡಿರುವ ನೀರಿನ ಹನಿ ಕಾದು ಆವಿಯಾಗಿ ಹರಳನ್ನು ಒಡೆಯುತ್ತದೆ. ಸಾಸಿವೆ ಸಿಡಿಯುವುದೂ ಒಳಗಿನ ತೇವ ಆವಿಯಾಗುವುದರಿಂದಲೇ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮೆಲ್ಲಗೆ ಕಮರಿದರೆ ಘಾಟಾಗಿ ಮೇಲೇಳುತ್ತದೆ. ಧಗಧಗಿಸುವ ಉರಿಯಲ್ಲಿ ಪೂರ್ತಿಯಾಗಿ ಸುಟ್ಟುಹೋದರೆ ಘಾಟು ಕಡಮೆ. ಎಂದರೆ, ಘಾಟು ಬರುವುದೂ ಬಾರದಿರುವುದೂ ಒಲೆಯ ಉರಿಯನ್ನು ಹೊಂದಿಕೊಂಡಿದೆಯೇ ಹೊರತು ನೆರೆಮನೆಯವಳ ಕಣ್ಣನ್ನಲ್ಲ.

ಇಲ್ಲಿ ಒಂದು ಐತಿಹಾಸಿಕ ಅಂಶವನ್ನು ವಾಚಕರು ಗಮನಿಸಬೇಕು. ಮೆಣಸಿನಕಾಯಿ ನಮ್ಮ ನೆಲದ ಗಿಡವಲ್ಲ. ಅದು ಅಮೆರಿಕ ಖಂಡದ್ದು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಇತ್ತ ತಂದದ್ದು. ನಮ್ಮ ಹಳೆಯ ಪಾಕಗಳಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು. ಹಾಗಾದ ಮೇಲೆ ಮೆಣಸಿನಕಾಯಿಯಿಂದ ದೃಷ್ಟಿ ತೆಗೆಯುವ ಪದ್ಧತಿ ಅನಾದಿಕಾಲದ್ದೆಂದು ಹೇಳುವಂತಿಲ್ಲ. ಅದಕ್ಕೆ ಐದು ಶತಮಾನಗಳ ವಯಸ್ಸೂ ತುಂಬಿರಲಾರದು. ಸಾಸಿವೆಯ ಕಥೆ ಬೇರೆ. ಗಾಯಗೊಂಡವನು ಮಲಗಿರುವ ಕೋಣೆಗೆ ಸಾಸಿವೆ, ಬೇವಿನ ಎಲೆ, ತುಪ್ಪ, ಉಪ್ಪುಗಳ ಧೂಪವನ್ನು ಹಾಕಬೇಕೆಂದೂ ಅದರಿಂದ ರಾಕ್ಷಸಬಾಧೆ ತಪ್ಪುವುದೆಂದೂ ಸುಶ್ರುತಸಂಹಿತೆಯಲ್ಲಿ ಉಂಟು. ಹಳೆಯ ಸಾಸಿವೆ, ಉಪ್ಪುಗಳ ಜೊತೆಗೆ ಪರದೇಶದ ಮೆಣಸಿನಕಾಯಿ ಬಂದು ಸೇರಿಕೊಂಡಿತು. ನಮ್ಮ ಅಜ್ಜಿಯರು ಅದಕ್ಕೆ ಬೇಡವೆನ್ನಲಿಲ್ಲ. ಸಂಪ್ರದಾಯವೆಂಬುದು ಕದಲದ ಬಂಡೆಯಲ್ಲ, ಬದಲಾಗುತ್ತಲೇ ಬಂದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಹಿಂದೆ ಸೇರಿಸಿಕೊಳ್ಳುವುದು ಸಾಧ್ಯವಾಗಿದ್ದರೆ, ಇಂದು ಬಿಡಬೇಕಾದುದನ್ನು ಬಿಡುವುದೂ ಸಾಧ್ಯ.

ಎರಡನೆಯದು ಹುಲುಸಿನ ಮಂತ್ರ. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲನ್ನು ಉಕ್ಕಿಸುತ್ತಾರೆ. ಬೇರೆ ದಿನ ಹಾಲು ಉಕ್ಕಿದರೆ ಬೈಗಳು. ಆ ದಿನ ಮಾತ್ರ ಸಂತೋಷ. ಹಾಲು ಉಕ್ಕಿದಂತೆ ಮನೆ ಉಕ್ಕಲಿ ಎಂಬುದು ಫ್ರೇಜರನ ಮೊದಲ ನಿಯಮ. ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವುದೂ, ಅಕ್ಕಿಯ ಮಡಕೆಯನ್ನು ತಳ ಕಾಣುವಂತೆ ಬರಿದುಮಾಡದಿರುವುದೂ ಇದೇ ಜಾತಿಯವು. ಮದುವೆಯ ದೊಡ್ಡ ಅಡಿಗೆಗೆ ಮೊದಲು ಒಲೆಗೆ ಅರಿಸಿನ ಕುಂಕುಮವಿಟ್ಟು ಪೂಜೆ ಮಾಡುತ್ತಾರೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಟ್ಟ ಮೇಲೆಯೇ ಮನೆಯವರ ಊಟ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬವನ್ನು ಆಚರಿಸುತ್ತಾರೆ. ಇತರ ದೇಶಗಳಲ್ಲಿಯೂ ಇಂಥವು ಉಂಟು. ಪ್ರಾಚೀನ ರೋಮನರಿಗೆ ಒಲೆಯ ದೇವತೆ ವೆಸ್ಟಾ. ಚೀನೀಯರ ಒಲೆಯ ದೇವರು ವರ್ಷಾಂತ್ಯದಲ್ಲಿ ಮನೆಯವರ ನಡತೆಯನ್ನು ಸ್ವರ್ಗಕ್ಕೆ ವರದಿ ಮಾಡಲು ಹೋಗುತ್ತಾನಂತೆ. ಅವನು ಸಿಹಿಯಾದುದನ್ನೇ ನುಡಿಯಲೆಂದು ಅವನ ಚಿತ್ರದ ಬಾಯಿಗೆ ಜೇನು ಸವರಿ ಕಳುಹಿಸುತ್ತಾರೆ!

ಒಂದು ಪ್ರಶ್ನೆ ಏಳುತ್ತದೆ. ಅಡಿಗೆಯ ಎಲ್ಲ ಕೆಲಸಕ್ಕೂ ಇಷ್ಟೇ ಕಟ್ಟುಕಟ್ಟಳೆ ಏಕಿಲ್ಲ? ಸೊಪ್ಪಿನ ಸಾರಿಗೆ ಯಾವ ಮಡಿಯೂ ಇಲ್ಲ. ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಹಾಲಿಗೆ ಹೆಪ್ಪು ಹಾಕುವುದಕ್ಕೆ, ಮದುವೆಯ ಅಡಿಗೆಗೆ ಮಾತ್ರ ನೂರೆಂಟು ನಿಯಮ. ಇದಕ್ಕೆ ಉತ್ತರವನ್ನು ದೂರದ ಪೆಸಿಫಿಕ್ ಸಾಗರದಿಂದ ತರಬಹುದು. ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞನು ಟ್ರೋಬ್ರಿಯಾಂಡ್ ದ್ವೀಪದ ಬೆಸ್ತರ ನಡುವೆ ವಾಸಮಾಡಿ, 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಒಂದು ಸಂಗತಿಯನ್ನು ತಿಳಿಸಿದನು. ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯಲು ಅವರು ಮಂತ್ರವನ್ನೇ ಬಳಸುವುದಿಲ್ಲ. ತೆರೆದ ಕಡಲಿಗೆ ಹೋಗುವಾಗ ಮಾತ್ರ ಮಂತ್ರದ ಮೇಲೆ ಮಂತ್ರ. ಅಪಾಯವೂ ಅನಿಶ್ಚಯವೂ ಎಲ್ಲಿಯೋ ಅಲ್ಲಿ ಮಂತ್ರ. ನಮ್ಮ ಅಡಿಗೆಮನೆಗೆ ಇದು ಅಚ್ಚುಕಟ್ಟಾಗಿ ಹೊಂದುತ್ತದೆ. ಸಾರು ಕೆಟ್ಟರೆ ಒಂದು ಹೊತ್ತಿನ ನಷ್ಟ. ಉಪ್ಪಿನಕಾಯಿ ಕೆಟ್ಟರೆ ಒಂದು ವರ್ಷದ್ದು. ಹಾಲು ಮೊಸರಾಗುವುದಕ್ಕೆ ಕಣ್ಣಿಗೆ ಕಾಣದ ಜೀವಾಣುಗಳು ಕಾರಣವೆಂದು ಲೂಯಿ ಪಾಶ್ಚರ್ 1857ರಲ್ಲಿ ತೋರಿಸಹೊರಡುವ ತನಕ ಹಾಲು ಹುಳಿಯುವ ಗುಟ್ಟು ಯಾರಿಗೂ ತಿಳಿದಿರಲಿಲ್ಲ. ಕಾರಣ ಕಾಣದ ಕಡೆ ಮನುಷ್ಯ ನಿಯಮವನ್ನು ಕಟ್ಟಿದನು. ಅವುಗಳಲ್ಲಿ ಕೆಲವು ಒಳ್ಳೆಯವು: ಒದ್ದೆಯ ಕೈ ತಾಗಬಾರದು, ಜಾಡಿ ಬಿಸಿಲಿನಲ್ಲಿ ಒಣಗಬೇಕು. ಕೆಲವು ಅನ್ಯಾಯವಾದವು: ಮುಟ್ಟಾದ ಹೆಂಗಸು ಜಾಡಿಯನ್ನು ಮುಟ್ಟಬಾರದು ಎಂಬುದು. ಉಪ್ಪಿನಕಾಯಿಯನ್ನು ಕೆಡಿಸುವುದು ಬೂಷ್ಟು. ಅದಕ್ಕೆ ತೇವ ಬೇಕು, ಹೆಣ್ಣಿನ ಮುಟ್ಟು ಬೇಕಿಲ್ಲ.

ಮೂರನೆಯದು ಮನಸ್ಸನ್ನು ತಣಿಸುವ ಮಂತ್ರ. ಇದೇ ಎಲ್ಲಕ್ಕಿಂತ ಮುಖ್ಯವಾದುದೆಂದು ನಮ್ಮ ಅಭಿಪ್ರಾಯ. ನಮ್ಮ ಕಡೆ ರಾಗಿಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ಹಿಟ್ಟು ತಿರುವುವುದನ್ನು ಕಂಡವರಿಗೆ ಅದರ ಕ್ರಮ ತಿಳಿದಿದೆ. ಎಸರಿಗೆ ಮೊದಲು ಒಂದು ಹಿಡಿ ಹಿಟ್ಟನ್ನು ಕದಡಿ ಬಿಡುವುದು. ಅದು ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಬೇಯಲು ಬಿಡುವುದು. ಬೆಂದ ಮೇಲೆ ಮಡಕೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಹಿಟ್ಟಿನ ಕೋಲಿನಿಂದ ಒಂದೇ ಸಮನೆ ತಿರುವುವುದು. ಕೊನೆಗೆ ಕೈಗೆ ನೀರು ಹಚ್ಚಿ ಉಂಡೆ ಕಟ್ಟುವುದು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಹಿಟ್ಟಿನ ಪಿಷ್ಟ ನೀರನ್ನು ಹೀರಿ ಉಬ್ಬಿ ಅಂಟಾಗಬೇಕಾದರೆ ಶಾಖವೂ ಕಾಲವೂ ಬೇಕು. ಮೊದಲೇ ಕಲಕಿದರೆ ಗಂಟು, ತಡಮಾಡಿದರೆ ಸೀಕಲು. ಕಾಯಬೇಕಾದಾಗ ಕಾಯಬೇಕು, ಬಲ ಹಾಕಬೇಕಾದಾಗ ಹಾಕಬೇಕು. ಆ ಹತ್ತು ಹದಿನೈದು ನಿಮಿಷ ಕೈ ಒಂದು ಲಯವನ್ನು ಹಿಡಿಯುತ್ತದೆ, ಉಸಿರು ಕೈಯನ್ನು ಅನುಸರಿಸುತ್ತದೆ, ಮನಸ್ಸು ಉಸಿರನ್ನು ಅನುಸರಿಸುತ್ತದೆ. ಯೋಗಶಾಸ್ತ್ರದವರು ಬೇರೆ ಏನನ್ನು ಹೇಳಿದರು? ಮನಸ್ಸಿನ ಬೇನೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಅಡಿಗೆಯ ಕೆಲಸವನ್ನು ಚಿಕಿತ್ಸೆಯ ಒಂದು ಅಂಗವಾಗಿ ಮಾಡಿಸುವುದು ಇಂದಿನ ಆಸ್ಪತ್ರೆಗಳಲ್ಲಿಯೂ ರೂಢಿಯಲ್ಲಿದೆ.

ಲಯಕ್ಕೆ ಮಾತು ಕೂಡಿದಾಗ ಹಾಡಾಯಿತು. ನಸುಕಿನಲ್ಲಿ ಎದ್ದು ರಾಗಿಕಲ್ಲಿನ ಗೂಟವನ್ನು ಹಿಡಿದ ಹೆಂಗಸರು ಕಲ್ಲಿಗೆ ಶರಣು ಹೇಳಿ ಹಾಡನ್ನು ತೊಡಗುತ್ತಿದ್ದರು. ತವರು, ಗಂಡ, ಮಕ್ಕಳು, ಅತ್ತೆಯ ಕಾಟ, ಎಲ್ಲವೂ ಆ ತ್ರಿಪದಿಗಳಲ್ಲಿ ಬರುತ್ತಿದ್ದವು. 1931ರಲ್ಲಿ ಉತ್ತರ ಕರ್ನಾಟಕದ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಇಂಥ ಹಾಡುಗಳ ಬೆಲೆಯನ್ನು ವಿದ್ವಾಂಸರಿಗೆ ತೋರಿಸಿಕೊಟ್ಟಿತು. ಎದುರಿಗೆ ಹೇಳಲಾರದ ದುಃಖವನ್ನು ಕಲ್ಲಿಗೆ ಹೇಳಿ ಹಗುರಾಗುವುದಕ್ಕಿಂತ ದೊಡ್ಡ ಮಂತ್ರ ಯಾವುದು? ನಮ್ಮ ಸೀಮೆಯ ದೇವರೂ ಈ ಕೆಲಸವನ್ನು ಕೀಳೆಂದು ತಿಳಿಯಲಿಲ್ಲ. ಮಲೆಯ ಮಾದೇಶ್ವರನು ಬೆಟ್ಟಕ್ಕೆ ಹೋಗುವ ಮೊದಲು ಸುತ್ತೂರಿನ ಮಠದಲ್ಲಿ ರಾಗಿ ಬೀಸುವ ಕೆಲಸಕ್ಕೆ ನಿಂತನೆಂದೂ ರಾಶಿ ರಾಶಿ ರಾಗಿಯನ್ನು ತನ್ನ ಮಹಿಮೆಯಿಂದ ಬೀಸಿ ಹಾಕಿದನೆಂದೂ ದೇವರಗುಡ್ಡರು ಹಾಡುತ್ತಾರೆ. ಪವಾಡಕ್ಕೆ ಬೀಸುವ ಕಲ್ಲನ್ನು ಆರಿಸಿಕೊಂಡ ಜನಪದ ಕವಿಗೆ ಆ ಕಲ್ಲಿನ ಭಾರ ಎಷ್ಟೆಂಬುದು ಚೆನ್ನಾಗಿ ಗೊತ್ತಿತ್ತು. ಮನೆಮನೆಯ ಹೆಂಗಸೂ ಕಂಡ ಕನಸೆಂದರೆ ಅದೇ ಅಲ್ಲವೆ – ಕಲ್ಲು ತಾನಾಗಿ ತಿರುಗಬಾರದೆ! ಕೊನೆಗೆ ಹಿಟ್ಟಿನ ಗಿರಣಿ ಬಂದು ಆ ಕನಸನ್ನು ನಿಜಮಾಡಿತು. ಹಾಡು ಹೋಯಿತೆಂದು ನಾವು ಮರುಗುತ್ತೇವೆ, ಮರುಗುವುದು ಸರಿಯೇ. ಆದರೆ ರಟ್ಟೆಯ ನೋವೂ ಹೋಯಿತೆಂಬುದನ್ನು ಹಾಡಿದವರನ್ನು ಕೇಳಿ ತಿಳಿಯಬೇಕು. ಒಲೆಯ ವಿಚಾರವೂ ಹೀಗೆಯೇ. ಒಲೆಯನ್ನು ಪೂಜಿಸಿದೆವು, ಒಲೆಯ ಮುಂದೆ ಕೂತವಳ ಕಣ್ಣು ಎದೆಗಳಿಗೆ ತುಂಬುತ್ತಿದ್ದ ಹೊಗೆಯನ್ನು ಮಾತ್ರ ಬಹುಕಾಲ ಮರೆತೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ತೊಡಗಿದ ‘ಅಸ್ತ್ರ’ ಕೇಂದ್ರದವರು ಹೊಗೆ ಹೊರಗೆ ಹೋಗುವ, ಸೌದೆ ಕಡಮೆ ಬೇಡುವ ಒಲೆಯನ್ನು ರೂಪಿಸಿದುದೂ, 2016ರಿಂದ ಉಜ್ವಲಾ ಯೋಜನೆಯಲ್ಲಿ ಬಡವರ ಮನೆಗೆ ಅನಿಲದ ಒಲೆ ಬಂದುದೂ ಒಂದು ಬಗೆಯ ಒಲೆಪೂಜೆಯೇ ಸರಿ.

ಇಲ್ಲಿಯವರೆಗೆ ಬೆಳಕಿನ ಮುಖವನ್ನು ನೋಡಿದೆವು. ಇನ್ನು ಕತ್ತಲೆಯ ಮುಖವನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಅದೇ ‘ಮದ್ದು ಇಕ್ಕುವುದು’. ಆಗದವರು ಅನ್ನದಲ್ಲಿಯೋ ಹಾಲಿನಲ್ಲಿಯೋ ಮದ್ದನ್ನು ಬೆರೆಸಿ ಕೊಡುತ್ತಾರೆ. ಉಂಡವನು ದಿನದಿನಕ್ಕೆ ಸೊರಗುತ್ತಾನೆ. ಹೊಟ್ಟೆನೋವು, ಅರುಚಿ, ಕೆಮ್ಮು ಕಾಣುತ್ತವೆ ಎಂಬ ನಂಬಿಕೆ ಹಳೆಯ ಮೈಸೂರು ಸೀಮೆಯಲ್ಲೆಲ್ಲ ಉಂಟು. ಮದ್ದು ತೆಗೆಯುವವರು ಏನನ್ನೋ ಕುಡಿಸಿ ವಾಂತಿಮಾಡಿಸಿ, “ಇಗೋ ಮದ್ದು” ಎಂದು ಒಂದು ಗಂಟನ್ನು ತೋರಿಸುತ್ತಾರೆ. ಇದರಿಂದ ಎರಡು ಕೇಡು. ಮೊದಲನೆಯದು, ರೋಗ ಬೆಳೆಯುತ್ತದೆ. ಸೊರಗುವಿಕೆಗೂ ಕೆಮ್ಮಿಗೂ ಕಾರಣವಾಗಬಲ್ಲ ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿಯೇ ತೋರಿಸಿದನು. ಜಠರದ ಹುಣ್ಣಿನ ಹಿಂದಿರುವ ರೋಗಾಣುವನ್ನು ಕಂಡುಹಿಡಿದುದಕ್ಕಾಗಿ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್ ಎಂಬ ವೈದ್ಯರಿಗೆ 2005ರ ನೊಬೆಲ್ ಪಾರಿತೋಷಕ ಬಂದಿತು. ಎರಡಕ್ಕೂ ಇಂದು ಔಷಧವಿದೆ. ಆದರೆ ಆಸ್ಪತ್ರೆಗೆ ಹೋಗುವ ದಿನಗಳು ಮದ್ದು ತೆಗೆಸುವುದರಲ್ಲಿ ಕಳೆದರೆ ಔಷಧವೇನು ಮಾಡೀತು? ಎರಡನೆಯ ಕೇಡು ಇನ್ನೂ ಕ್ರೂರವಾದುದು. ಮದ್ದು ಇಕ್ಕಿದವರು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ಸಾಮಾನ್ಯವಾಗಿ ಬೆರಳು ತೋರುವುದು ಒಬ್ಬ ಹೆಂಗಸಿನ ಕಡೆಗೆ – ವಿಧವೆ, ಬಂಜೆ, ಹೊಸದಾಗಿ ಬಂದ ಸೊಸೆ, ಒಂಟಿಯಾದ ನೆರೆಯವಳು. ಅಂದಿನಿಂದ ಅವಳ ಮನೆಯ ನೀರನ್ನೂ ಯಾರೂ ಮುಟ್ಟರು. ದೃಷ್ಟಿ ತೆಗೆದವಳ ಕೈಯೂ ಹೆಂಗಸಿನದು, ಮದ್ದು ಇಕ್ಕಿದಳೆಂದು ದೂರುವುದೂ ಹೆಂಗಸಿನ ಕೈಯನ್ನೇ. ಅನ್ನ ಮಾಡುವವಳ ಕೈಯಲ್ಲಿ ಮನೆಯವರ ಪ್ರಾಣವೇ ಇದೆಯೆಂಬ ಅರಿವು ಒಮ್ಮೆ ಗೌರವವಾಗಿ, ಒಮ್ಮೆ ಭಯವಾಗಿ ತೋರಿಕೊಳ್ಳುತ್ತದೆ.

ವಿಷವೆಂಬುದೇ ಇಲ್ಲವೆಂದು ಇದರ ಅರ್ಥವಲ್ಲ. 2018ರ ಡಿಸೆಂಬರ್ 14ರಂದು ನಮ್ಮ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ಉಂಡು 17 ಜನ ಪ್ರಾಣ ಬಿಟ್ಟರು. ಅದು ಮಂತ್ರದ ಮದ್ದಲ್ಲ, ಅಂಗಡಿಯಲ್ಲಿ ಸಿಕ್ಕುವ ರಾಸಾಯನಿಕ. ಅದನ್ನು ಕಂಡುಹಿಡಿದುದು ಪ್ರಯೋಗಶಾಲೆ. ಉಳಿದವರನ್ನು ಬದುಕಿಸಿದುದು ಆಸ್ಪತ್ರೆ. ವಿಷದ ಸಂಶಯ ಬಂದಾಗ ಎಲ್ಲಿಗೆ ಹೋಗಬೇಕೆಂಬುದಕ್ಕೆ ಬೇರೆ ಪಾಠ ಬೇಕಾಗಿಲ್ಲ. ಭಾನಾಮತಿ, ವಾಮಾಚಾರಗಳ ಹೆಸರಿನಲ್ಲಿ ಜನರನ್ನು ಹಿಂಸಿಸುವುದನ್ನು ತಡೆಯಲು ನಮ್ಮ ರಾಜ್ಯದ ಶಾಸನಸಭೆ 2017ರಲ್ಲಿ ಒಂದು ಕಾಯಿದೆಯನ್ನು ಒಪ್ಪಿತು; ಅದು 2020ರ ಜನವರಿಯಿಂದ ಜಾರಿಗೆ ಬಂದಿದೆ. ಆದರೆ ಸಂಶಯವನ್ನು ಕಾಯಿದೆಯೊಂದೇ ಅಳಿಸಲಾರದು.

ಸಂಶಯಕ್ಕೆ ಮದ್ದು ಕೂಡಿ ಉಣ್ಣುವುದು. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆ ಬನದ ಹುಣ್ಣಿಮೆಯಂದು ಚಂದ್ರಮಂಡಲೋತ್ಸವದೊಡನೆ ತೊಡಗಿ ಐದು ದಿನ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿಸೇವೆ. ಬಯಲಿನಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿ, ತಮ್ಮ ತಮ್ಮ ಅಡಿಗೆಯನ್ನು ಬೇಯಿಸಿ, ದೇವರಿಗೆ ಎಡೆಯಿಟ್ಟು, ಹಲವು ಜಾತಿಯ ಒಕ್ಕಲುಗಳು ಸಾಲಾಗಿ ಕುಳಿತು ಉಣ್ಣುತ್ತವೆ. ಯಾರ ಕೈಯ ಅನ್ನವನ್ನು ಯಾರು ಉಣ್ಣಬೇಕೆಂಬ ಲೆಕ್ಕದಲ್ಲಿಯೇ ಶತಮಾನಗಳನ್ನು ಕಳೆದ ಸಮಾಜದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಮಂಟೇಸ್ವಾಮಿಯ ಪರಂಪರೆಯವರು ಹಣೆಗೆ ಇಡುವುದೂ ಕಪ್ಪು ಧೂಳ್ತವನ್ನು. ಬೂದಿಗೆ ಮೇಲು ಕೀಳಿಲ್ಲ.

ಹೀಗೆ ಅಡಿಗೆಮನೆಯ ಮಂತ್ರಗಳನ್ನು ತೂಗಿ ನೋಡಿದರೆ, ಎಲ್ಲವನ್ನೂ ಮೂಢನಂಬಿಕೆಯೆಂದು ಒಲೆಗೆ ಹಾಕುವುದೂ ತಪ್ಪು, ಎಲ್ಲವನ್ನೂ ಹಿರಿಯರ ವಿಜ್ಞಾನವೆಂದು ತಲೆಯ ಮೇಲೆ ಹೊರುವುದೂ ತಪ್ಪು ಎಂದು ತಿಳಿಯುತ್ತದೆ. ಅಳುವ ಕೂಸಿನ ಸುತ್ತ ಮೆಣಸಿನಕಾಯಿ ಸುತ್ತಿದರೆ ಅವ್ವನಿಗೆ ಧೈರ್ಯ ಬರುವುದಾದರೆ ಬರಲಿ. ಜ್ವರವಿದ್ದರೆ ಕೂಸು ಆಸ್ಪತ್ರೆಗೂ ಹೋಗಲಿ. ಎಡೆಯಿಡುವುದರಲ್ಲಿ ಸತ್ತವರ ನೆನಪಿದೆ. ಮುಟ್ಟಿನ ಕಟ್ಟಳೆಯಲ್ಲಿ ಇರುವವರ ಅವಮಾನವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾಗದು.

ನಮ್ಮ ಸಹಪಾಠಿಗಳಲ್ಲಿ ಬಹು ಮಂದಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಹಳ್ಳಿಗಳಿಂದ ಬರುವವರು. ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರೂ ತಮ್ಮ ಹಟ್ಟಿಯ ಅಡಿಗೆಮನೆಯಲ್ಲಿ ಅರ್ಧ ಗಂಟೆ ಕುಳಿತು, ಸಾಧ್ಯವಾದರೆ ಹಿಟ್ಟಿನ ಕೋಲನ್ನೂ ಕೈಗೆ ತೆಗೆದುಕೊಂಡು, ಅಲ್ಲಿ ಕೇಳಿಬರುವ ‘ಮಾಡಬೇಕು’, ‘ಮಾಡಬಾರದು’ಗಳನ್ನು ಬರೆದುಕೊಂಡು ಬರಲಿ. ಹುಡುಗಿಯರಿಗೆ ಇವು ಗೊತ್ತು, ಹುಡುಗರೂ ತಿಳಿಯಲಿ. ಪ್ರತಿಯೊಂದರ ಮುಂದೆಯೂ ಎರಡು ಪ್ರಶ್ನೆಗಳನ್ನು ಬರೆಯಬೇಕು: ಇದು ಯಾರನ್ನು ಕಾಯುತ್ತದೆ? ಇದು ಯಾರನ್ನು ನೋಯಿಸುತ್ತದೆ? ಉತ್ತರಗಳನ್ನು ಕೂಡಿಸಿದರೆ ನಮ್ಮ ಸೀಮೆಯ ಜಾನಪದಕ್ಕೆ ಒಂದು ಒಳ್ಳೆಯ ಅಧ್ಯಾಯ ದೊರೆಯುವುದು; ಯಾವುದನ್ನು ಮುಂದಿನವರಿಗೆ ಕೊಡಬೇಕು, ಯಾವುದನ್ನು ನಮ್ಮ ತಲೆಮಾರಿಗೇ ನಿಲ್ಲಿಸಬೇಕು ಎಂಬುದನ್ನೂ ನಾವೇ ತೀರ್ಮಾನಿಸಬಹುದು.